ಸೋಲೋಕೆಂದೇ ಹುಟ್ಟಿದವರು

ವಿಡಿಯೋ ಗೇಮ್ ಮಾಡುವವರ ಕೆಲಸಗಳಲ್ಲಿ ನನಗೆ ತುಂಬಾ ವಿಚಿತ್ರ ಅನ್ನಿಸುವುದು ಬಾಸ್ ಕಟ್ಟುವ ಕೆಲಸ. ಬಾಸ್ ಅಂದರೆ ಆಟದ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರು. ಒಬ್ಬ ದೈತ್ಯನನ್ನು ಹುಟ್ಟಿಸಬೇಕು. ಅವನ ನಡಿಗೆ, ಏಟು, ಘರ್ಜನೆ, ಅವನಿಗೇ ಅಂತ ಒಂದು ಸಂಗೀತ, ಅವನಿಗೇ ಅಂತ ಒಂದು ಅಖಾಡ. ಇದಕ್ಕೆಲ್ಲ ಜನ ತಿಂಗಳುಗಟ್ಟಲೆ ಕೂತು ದುಡಿಯಬೇಕು. ಇಷ್ಟೆಲ್ಲ ಯಾಕೆ? ಕೊನೆಗೊಮ್ಮೆ ಅವನು ಸೋಲಲಿ ಅಂತ. ಅವನು ಬರೀ ಗೆಲ್ಲುತ್ತಲೇ ಹೋದರೆ ಗೇಮ್ ಕೆಟ್ಟಿತು. ಬಂದ ಕೂಡಲೇ ಸೋತರೂ ಕೆಟ್ಟಿತು.

ಹಾಗೆ ನೋಡಿದರೆ ಕಂಪ್ಯೂಟರ್‌ಗೆ ಗೆಲ್ಲುವುದು ಕಷ್ಟವೇ ಅಲ್ಲ. ನೀವು ಬಟನ್ ಒತ್ತಿದ ಕ್ಷಣವೇ ಅದಕ್ಕೆ ವಿಷಯ ಗೊತ್ತು. ನಿಮ್ಮ ಪಾತ್ರ ಕತ್ತಿ ಎತ್ತುವ ಮೊದಲೇ ಅದು ಹಿಂದೆ ಸರಿಯಬಹುದು. ಆರ್ಕೇಡ್ ಕಾಲದ, ಅಂದರೆ ಯಂತ್ರಕ್ಕೆ ನಾಣ್ಯ ಹಾಕಿ ಆಡುತ್ತಿದ್ದ ಕಾಲದ, ಕೆಲವು ಫೈಟಿಂಗ್ ಗೇಮ್‌ಗಳಲ್ಲಿ ಎದುರಾಳಿಗಳು ಹೀಗೇ ಕಳ್ಳಾಟ ಆಡುತ್ತಿದ್ದರು. ಬೇಗ ಸತ್ತವನು ಇನ್ನೊಂದು ನಾಣ್ಯ ಹಾಕುತ್ತಾನೆ ಅನ್ನುವ ಲೆಕ್ಕವೂ ಅದರ ಹಿಂದೆ ಇತ್ತು. ಅಂಥ ಬಾಸ್ ಮೇಲೆ ಸಿಟ್ಟು ಬರುತ್ತದೆ, ಗೌರವ ಬರುವುದಿಲ್ಲ. ಒಳ್ಳೆಯ ಬಾಸ್ ಆಡುವುದು ಮಗುವಿನ ಜೊತೆ ಕುಸ್ತಿಗೆ ಇಳಿದ ಅಪ್ಪನ ಹಾಗೆ. ಸುಮ್ನೆ ಬಿದ್ದುಬಿಟ್ಟರೆ ಮಗುವಿಗೆ ಗೊತ್ತಾಗುತ್ತದೆ. ಬೀಳದೇ ಇದ್ದರೆ ಮಗು ಆಟ ಬಿಟ್ಟು ಎದ್ದು ಹೋಗುತ್ತದೆ.

ಹಾಗಾದರೆ ಬಾಸ್ ನಂಬುವ ಹಾಗೆ ಸೋಲುವುದು ಹೇಗೆ? ಮೊದಲ ಉಪಾಯ, ತಾನು ಏನು ಮಾಡಲಿದ್ದೇನೆ ಅಂತ ಮುಂಚೆಯೇ ಹೇಳಿಬಿಡುವುದು. ಡಿಸೈನರ್‌ಗಳು ಇದನ್ನು ಟೆಲಿಗ್ರಾಫಿಂಗ್ ಅನ್ನುತ್ತಾರೆ. ಯಾವುದೇ ಬಾಸ್‌ನ ಒಂದು ಏಟನ್ನು ಬಿಡಿಸಿ ನೋಡಿ, ಅದರಲ್ಲಿ ಮೂರು ತುಂಡುಗಳು ಸಿಗುತ್ತವೆ. ಮೊದಲು ಕೈ ಎತ್ತುವುದು, ಆಮೇಲೆ ಏಟು ಬೀಳುವುದು, ಆಮೇಲೆ ಸುಧಾರಿಸಿಕೊಳ್ಳುವುದು. ಕಣ್ಣಿಗೆ ಕಂಡದ್ದಕ್ಕೆ ಮನುಷ್ಯನ ಬೆರಳು ಪ್ರತಿಕ್ರಿಯೆ ಕೊಡಲು ಸುಮಾರು ಕಾಲು ಸೆಕೆಂಡ್ ಬೇಕು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುವ ಗೇಮ್‌ನಲ್ಲಿ ಅದು 15 ಫ್ರೇಮ್. ಕೈ ಎತ್ತುವ ತುಂಡು ಅದಕ್ಕಿಂತ ಚಿಕ್ಕದಾದರೆ ನೋಡಿ ತಪ್ಪಿಸಿಕೊಳ್ಳಲು ಆಗುವುದೇ ಇಲ್ಲ, ಊಹಿಸಬೇಕಷ್ಟೆ. ಕೊನೆಯ ತುಂಡು, ಅಂದರೆ ಸುಧಾರಿಸಿಕೊಳ್ಳುವ ಹೊತ್ತು, ನಿಮ್ಮದು. ಬಾಸ್ ಕತ್ತಿಯನ್ನು ನೆಲಕ್ಕೆ ಹೊಡೆದು ಎಳೆದುಕೊಳ್ಳಲು ಒದ್ದಾಡುತ್ತಾನಲ್ಲ, ಅದು ಸುಸ್ತಲ್ಲ. ಯಾರೋ ಕೂತು ಅಳೆದು ಇಟ್ಟ ಜಾಗ ಅದು. ನಿಜವಾದ ಹೋರಾಟಗಾರ ಈ ಮೂರನ್ನೂ ಆದಷ್ಟು ಮುಚ್ಚಿಡುತ್ತಾನೆ. ಬಾಸ್ ಮಾತ್ರ ಎಲ್ಲವನ್ನೂ ತೆರೆದು ತೋರಿಸಿ ಹೊಡೆಯುತ್ತಾನೆ.

ಎಲ್ಡನ್ ರಿಂಗ್ ಗೇಮ್‌ನ (2022) ಬಾಸ್ ಮಾರ್ಗಿಟ್ ಈ ಒಪ್ಪಂದವನ್ನೇ ಸ್ವಲ್ಪ ತಿರುಚುತ್ತಾನೆ. ಕೋಟೆಯ ಬಾಗಿಲಲ್ಲಿ ಎದುರಾಗುವ ಮುದುಕ. ಕೈಯಲ್ಲೊಂದು ದೊಡ್ಡ ದೊಣ್ಣೆ. ಅದನ್ನು ತಲೆಯ ಮೇಲೆ ಎತ್ತುತ್ತಾನೆ. ಹಳೆಯ ಆಟಗಾರನ ಬೆರಳು ತಾನಾಗಿಯೇ ಪಕ್ಕಕ್ಕೆ ಉರುಳುವ ಬಟನ್ ಒತ್ತುತ್ತದೆ. ದೊಣ್ಣೆ ಮಾತ್ರ ಮೇಲೇ ಇರುತ್ತದೆ. ನೀವು ಉರುಳಿ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಕೆಳಗೆ ಬರುತ್ತದೆ. ಇದಕ್ಕೆ ಬೈದವರು ಬಹಳ ಜನ. ನನಗೆ ಇದು ಮೋಸ ಅನ್ನಿಸುವುದಿಲ್ಲ. ಏಟು ಬರುತ್ತದೆ ಅಂತ ಅವನು ಹೇಳಿಯೇ ಇದ್ದಾನೆ, ಯಾವಾಗ ಅಂತ ಹೇಳಿಲ್ಲ ಅಷ್ಟೆ. ಗಾಬರಿಯಿಂದ ಉರುಳುವುದನ್ನು ಬಿಟ್ಟು ದೊಣ್ಣೆಯನ್ನೇ ನೋಡಲು ಕಲಿತ ಮೇಲೆ ಅವನು ಪೂರ್ತಿ ಬೇರೆ ಬಾಸ್. ಆದರೆ ಅದೇ ಗೇಮ್‌ನಲ್ಲಿ ಮುಂದೆ ಬರುವ ಎಷ್ಟೋ ಬಾಸ್‌ಗಳು ಇದೇ ಉಪಾಯವನ್ನು ಮತ್ತೆ ಮತ್ತೆ ಆಡುತ್ತವೆ. ಆಗ ಮಾತ್ರ ಬೇಜಾರು ಬರುತ್ತದೆ, ನಿಜ ಹೇಳಬೇಕಲ್ವಾ.

ಈ ಬಾಸ್ ಅನ್ನುವ ಪ್ರಾಣಿ ಎಲ್ಲಿಂದ ಬಂತು ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 1975ರದ್ದು. ಪ್ಲೇಟೋ ಅನ್ನುವ ಕಂಪ್ಯೂಟರ್ ಜಾಲದಲ್ಲಿ ವಿದ್ಯಾರ್ಥಿಗಳು ಬರೆದ ಡಿಎನ್‌ಡಿ ಎಂಬ ಆಟದಲ್ಲಿ ಒಂದು ಚಿನ್ನದ ಡ್ರ್ಯಾಗನ್ ಇತ್ತು. ನೀವು ಹುಡುಕಿಕೊಂಡು ಹೋದ ಗೋಳವನ್ನು ಅದು ಕಾಯುತ್ತಾ ಕೂತಿರುತ್ತಿತ್ತು. 1980ರಲ್ಲಿ ಫೀನಿಕ್ಸ್ ಎಂಬ ಆರ್ಕೇಡ್ ಗೇಮ್ ಬಂತು. ಅದರ ಕೊನೆಯ ಸುತ್ತಿನಲ್ಲಿ ಪರದೆಯ ಮೇಲೆ ಒಂದು ದೊಡ್ಡ ತಾಯಿ ನೌಕೆ. ಅದರ ಹೊಟ್ಟೆಯನ್ನು ಗುಂಡಿನಿಂದ ಕೊರೆದು ಕೊರೆದು ಒಳಗೆ ಕೂತವನನ್ನು ಹೊಡೆಯಬೇಕು. ದೊಡ್ಡ ಮೈ, ಒಂದು ದುರ್ಬಲ ಜಾಗ. ಈ ಅಚ್ಚು ಇವತ್ತಿಗೂ ಹಾಗೇ ಉಳಿದಿದೆ.

1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಬೌಸರ್ ಸೋಲುವ ರೀತಿ ಇನ್ನೂ ಮಜಾ. ಸೇತುವೆಯ ಮೇಲೆ ಅಷ್ಟೆತ್ತರ ನಿಂತು ಬೆಂಕಿ ಉಗುಳುತ್ತಾನೆ. ಅವನ ಬೆನ್ನ ಹಿಂದೆಯೇ ಒಂದು ಕೊಡಲಿ ಇದೆ. ಅದನ್ನು ಮುಟ್ಟಿದರೆ ಸೇತುವೆ ಕುಸಿದು ಅವನು ಲಾವಾ ಒಳಗೆ ಬೀಳುತ್ತಾನೆ. ತನ್ನದೇ ಕೋಟೆಯಲ್ಲಿ, ತನ್ನದೇ ಸೇತುವೆ ಬೀಳಿಸುವ ಕೊಡಲಿಯನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ? ಕಥೆಯ ಪ್ರಕಾರ ಇದು ಶುದ್ಧ ದಡ್ಡತನ. ಆಟದ ಪ್ರಕಾರ ಜಾಣತನ. ಏಕೆಂದರೆ ಈ ಗೇಮ್ ಮೊದಲಿನಿಂದ ಕಲಿಸಿದ್ದು ಓಡುವುದು ಮತ್ತು ಹಾರುವುದು. ಕೊನೆಯ ಕಾಳಗವೂ ಓಡಿ ಹಾರಿ ದಾಟಿದರೆ ಮುಗಿಯುತ್ತದೆ.

ಬಾಸ್ ದೊಡ್ಡದಾಗಿರಬೇಕು ಅನ್ನುವುದು ಆಗ ಸುಲಭದ ಮಾತಾಗಿರಲಿಲ್ಲ. ನಿಂಟೆಂಡೋದ ಎನ್‌ಇಎಸ್ ಯಂತ್ರ ಒಟ್ಟು 64 ಸ್ಪ್ರೈಟ್‌ಗಳನ್ನು, ಅಂದರೆ ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರದ ತುಂಡುಗಳನ್ನು, ತೋರಿಸಬಲ್ಲದು. ಒಂದೇ ಅಡ್ಡ ಗೆರೆಯ ಮೇಲೆ 8ಕ್ಕಿಂತ ಜಾಸ್ತಿ ಬಂದರೆ ಉಳಿದವು ಕಾಣುವುದಿಲ್ಲ. ಹಾಗಾದರೆ ಪರದೆ ತುಂಬುವ ಡ್ರ್ಯಾಗನ್ ಬಿಡಿಸುವುದು ಹೇಗೆ? 1988ರ ಮೆಗಾ ಮ್ಯಾನ್ 2ರಲ್ಲಿ ಮೆಕಾ ಡ್ರ್ಯಾಗನ್ ಬರುವಾಗ ಹಿನ್ನೆಲೆ ಪೂರ್ತಿ ಕಪ್ಪು. ಯಾಕೆಂದರೆ ಡ್ರ್ಯಾಗನ್ ಮೈಯನ್ನು ಬಿಡಿಸಿರುವುದೇ ಹಿನ್ನೆಲೆಯ ಪದರದಲ್ಲಿ. ಪದರವನ್ನೇ ಅತ್ತ ಇತ್ತ ಸರಿಸಿದರೆ ಡ್ರ್ಯಾಗನ್ ಹಾರಿದ ಹಾಗೆ ಕಾಣುತ್ತದೆ. ಅದರ ಹಿಂದೆ ಬೇರೆ ಚಿತ್ರ ಇಡಲು ಜಾಗವೇ ಉಳಿದಿಲ್ಲ. ಮೆಗಾ ಮ್ಯಾನ್ ನಿಲ್ಲಲು ಮೂರೇ ಮೂರು ಪುಟ್ಟ ಕಟ್ಟೆಗಳು, ಕೆಳಗೆ ಏನೂ ಇಲ್ಲ. ಯಂತ್ರದ ಬಡತನ ಭಯವಾಗಿ ಕೆಲಸಕ್ಕೆ ಬಂತು. ಈಗಿನ ಗೇಮ್‌ಗಳಲ್ಲಿ ಎಷ್ಟು ದೊಡ್ಡ ಬಾಸ್ ಬೇಕಾದರೂ ಮಾಡಬಹುದು. ಆದರೂ ಎಷ್ಟೋ ಸಲ ಅವನ ಕಾಲ ಬೆರಳಿಗೆ ಹೊಡೆಯುತ್ತಾ ನಿಂತಿರುತ್ತೇವೆ, ಕ್ಯಾಮೆರಾಗೆ ಅವನ ಮೊಣಕಾಲು ಬಿಟ್ಟು ಏನೂ ಕಾಣುವುದಿಲ್ಲ.

ಮೆಗಾ ಮ್ಯಾನ್ ಸರಣಿಯ ಮೊದಲ ಗೇಮ್ (1987) ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಆರು ರೋಬಾಟ್ ಬಾಸ್‌ಗಳು, ಯಾವ ಕ್ರಮದಲ್ಲಿ ಬೇಕಾದರೂ ಹೋಗಬಹುದು. ಸೋತವನ ಆಯುಧ ನಿಮ್ಮದಾಗುತ್ತದೆ. ಫೈರ್ ಮ್ಯಾನ್‌ಗೆ ಐಸ್ ಮ್ಯಾನ್‌ನ ಆಯುಧ ತಾಳುವುದಿಲ್ಲ, ಬಾಂಬ್ ಮ್ಯಾನ್‌ಗೆ ಫೈರ್ ಮ್ಯಾನ್‌ದು ತಾಳುವುದಿಲ್ಲ, ಹೀಗೆ ಸರಪಳಿ. ಅಂದರೆ ಒಬ್ಬ ಬಾಸ್‌ನ ಸೋಲಿನಲ್ಲೇ ಇನ್ನೊಬ್ಬನ ಸೋಲು ಅಡಗಿದೆ.

ಬಾಸ್ ಅಂದರೆ ಪರೀಕ್ಷೆ ಅನ್ನುವ ಮಾತು ಗೇಮ್ ಡಿಸೈನ್ ಚರ್ಚೆಗಳಲ್ಲಿ ಪದೇ ಪದೇ ಬರುತ್ತದೆ. ಲೆವೆಲ್ ಪಾಠ ಮಾಡುತ್ತದೆ, ಬಾಸ್ ಪ್ರಶ್ನೆ ಕೇಳುತ್ತಾನೆ. ಜೆಲ್ಡಾ ಸರಣಿಯೇ ಇದಕ್ಕೆ ಮಾದರಿ. ಒಕರೀನಾ ಆಫ್ ಟೈಮ್‌ನಲ್ಲಿ (1998) ಒಂದು ಗುಹೆಯೊಳಗೆ ಬಾಂಬ್ ಚೀಲ ಸಿಗುತ್ತದೆ. ಗುಹೆಯ ಕೊನೆಯಲ್ಲಿ ಕಿಂಗ್ ಡೊಡೊಂಗೊ ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತದೆ. ಬಾಯಿಗೆ ಬಾಂಬ್ ಎಸೆಯಿರಿ, ಹೊಟ್ಟೆಯಲ್ಲಿ ಸಿಡಿಯುತ್ತದೆ, ಹೋಗಿ ಹೊಡೆಯಿರಿ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಈ ಜಾತಿಯ ಬಾಸ್‌ಗಳು ನನಗೆ ಸ್ವಲ್ಪ ಜಾಸ್ತಿಯೇ ಸಜ್ಜನರು. ಒಮ್ಮೆ ಉಪಾಯ ಹೊಳೆದರೆ ಮುಗಿಯಿತು, ಉಳಿದದ್ದು ಅದನ್ನೇ ಮತ್ತೆ ಮಾಡುವುದು. ಕಾಳಗ ಅನ್ನುವುದಕ್ಕಿಂತ ಬೀಗ ತೆಗೆದ ಹಾಗೆ.

ಪರೀಕ್ಷೆಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಡ್ಯೂಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್ (2011). ಕದ್ದು ನುಸುಳಿ, ಕಂಪ್ಯೂಟರ್ ಹ್ಯಾಕ್ ಮಾಡಿ, ಒಬ್ಬರನ್ನೂ ಕೊಲ್ಲದೆ ಮುಂದೆ ಹೋಗಬಹುದು ಅಂತ ಇಡೀ ಗೇಮ್ ನಿಮ್ಮನ್ನು ಬೆಳೆಸುತ್ತದೆ. ಆಮೇಲೆ ಒಂದು ಕೋಣೆಯೊಳಗೆ ಕೂಡಿಹಾಕಿ, ಗುಂಡಿನ ಚಕಮಕಿ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನುತ್ತದೆ. ತನ್ನ ಪಾತ್ರ ಬೆಳೆಸುವ ಪಾಯಿಂಟ್‌ಗಳನ್ನು ಹ್ಯಾಕಿಂಗ್‌ಗೆ ಸುರಿದವನ ಹತ್ತಿರ ಒಂದು ಪಿಸ್ತೂಲು, ನಾಲ್ಕು ಗುಂಡು. ಆ ಬಾಸ್ ಕಾಳಗಗಳನ್ನು ಕಟ್ಟಿದ್ದು ಹೊರಗಿನ ಇನ್ನೊಂದು ಸ್ಟುಡಿಯೋ ಅನ್ನುವುದು ಆಮೇಲೆ ತಿಳಿಯಿತು. 2013ರಲ್ಲಿ ಬಂದ ಡೈರೆಕ್ಟರ್ಸ್ ಕಟ್‌ನಲ್ಲಿ ಆ ಅಖಾಡಗಳನ್ನು ಬದಲಾಯಿಸಿ, ಹ್ಯಾಕ್ ಮಾಡುವವರಿಗೂ ನುಸುಳುವವರಿಗೂ ದಾರಿ ಕೊಟ್ಟರು. ಬಾಸ್‌ಗಳು ಮೊದಲೂ ಸೋಲುತ್ತಿದ್ದವು. ಆದರೆ ನಿಮ್ಮ ಕೈಯಲ್ಲಿ ಸೋಲುತ್ತಿರಲಿಲ್ಲ, ಡಿಸೈನರ್ ಊಹಿಸಿಕೊಂಡ ಇನ್ಯಾರದೋ ಕೈಯಲ್ಲಿ ಸೋಲುತ್ತಿದ್ದವು.

ನನಗೆ ಇಷ್ಟವಾದ ಪಾಠ ಡಾರ್ಕ್ ಸೋಲ್ಸ್‌ನ (2011) ಮೊದಲ ಬಾಸ್ ಮಾಡುವುದು. ಆಟ ಶುರುವಾಗಿ ಸ್ವಲ್ಪ ಹೊತ್ತಾಗಿರುತ್ತದೆ. ನಿಮ್ಮ ಕೈಯಲ್ಲಿ ಮುರಿದ ಕತ್ತಿಯ ಹಿಡಿ. ದೊಡ್ಡ ಬಾಗಿಲು ತಳ್ಳಿ ಒಳಗೆ ಹೋದರೆ ಮೇಲಿಂದ ಅಸೈಲಮ್ ಡೀಮನ್ ಧೊಪ್ಪನೆ ಬೀಳುತ್ತದೆ. ಡೊಳ್ಳು ಹೊಟ್ಟೆ, ಕೈಯಲ್ಲಿ ಮರದ ಕಾಂಡದಂಥ ಗದೆ. ನೀವು ಹೊಡೆಯುತ್ತೀರಿ. ಅದರ ಹೆಲ್ತ್ ಬಾರ್, ಅಂದರೆ ಎಷ್ಟು ಜೀವ ಉಳಿದಿದೆ ಅಂತ ತೋರಿಸುವ ಪಟ್ಟಿ, ಕದಲಿತೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಹೊಡೆಯುತ್ತದೆ, ನೀವು ಸಾಯುತ್ತೀರಿ. ಮತ್ತೆ ಬಂದಾಗ ಕಣ್ಣು ಗೋಡೆಯ ಕಡೆ ಹೋಗುತ್ತದೆ. ಪಕ್ಕದಲ್ಲೊಂದು ಚಿಕ್ಕ ಬಾಗಿಲು ತೆರೆದೇ ಇದೆ. ಓಡಿ. ಒಳಗೆ ನಿಜವಾದ ಆಯುಧ ಸಿಗುತ್ತದೆ, ಮೆಟ್ಟಿಲು ಸಿಗುತ್ತದೆ, ಸುತ್ತಿ ಬಳಸಿ ಅದೇ ಡೀಮನ್‌ನ ತಲೆಯ ಮೇಲಿನ ಕಟ್ಟೆಗೆ ಬರುತ್ತೀರಿ. ಅಲ್ಲಿಂದ ಜಿಗಿದು ಕತ್ತಿ ಚುಚ್ಚಿದರೆ ಹೆಲ್ತ್ ಬಾರ್‌ನ ದೊಡ್ಡ ಪಾಲು ಒಂದೇ ಏಟಿಗೆ ಹೋಗುತ್ತದೆ. ಓಡಿಹೋಗುವುದೂ ಆಟದ ಒಂದು ನಡೆ, ಸುತ್ತಮುತ್ತ ನೋಡುವುದೂ ಒಂದು ನಡೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಡೀಮನ್ ಹೇಳಿತು.

ಇಲ್ಲೇ ಸಾಯುವುದರ ವಿಷಯವೂ ಬಂತು. ಬಾಸ್ ಒಳ್ಳೆಯವನಾದರೂ ಅವನ ಹತ್ತಿರ ಹೋಗುವ ದಾರಿ ಕೆಟ್ಟದಾದರೆ ಎಲ್ಲ ಹಾಳು. ಸತ್ತ ಮೇಲೆ ದೂರದ ಚೆಕ್‌ಪಾಯಿಂಟ್‌ನಿಂದ ಮತ್ತೆ ನಡೆದು, ಅದೇ ಸೈನಿಕರನ್ನು ತಪ್ಪಿಸಿ, ಅದೇ ಏಣಿ ಹತ್ತಿ ಬರಬೇಕು ಅಂದರೆ ಬಾಸ್ ಮೇಲಿನ ಸಿಟ್ಟು ಏಣಿಯ ಮೇಲೆ ಹೋಗುತ್ತದೆ. ಆ ನಡಿಗೆಯಲ್ಲಿ ಉದ್ವೇಗ ಇಳಿಯುತ್ತದೆ, ಯೋಚನೆಗೆ ಹೊತ್ತು ಸಿಗುತ್ತದೆ ಅಂತ ವಾದಿಸುವವರಿದ್ದಾರೆ. ಇರಬಹುದು. ಎಲ್ಡನ್ ರಿಂಗ್ ಮಾಡಿದವರು ಮಾತ್ರ ಎಷ್ಟೋ ಬಾಸ್‌ಗಳ ಹತ್ತಿರದಲ್ಲೇ ಮತ್ತೆ ಹುಟ್ಟಿಬರಲು ಒಂದು ಕಲ್ಲಿನ ಗುರುತು ನೆಟ್ಟರು. ನನಗೆ ಅದರ ಬಗ್ಗೆ ಕೃತಜ್ಞತೆ ಬಿಟ್ಟು ಬೇರೇನೂ ಇಲ್ಲ.

ಕಪ್‌ಹೆಡ್ (2017) ಇನ್ನೂ ಜಾಣ. ಅದು ಹೆಚ್ಚುಕಮ್ಮಿ ಬರೀ ಬಾಸ್‌ಗಳ ಗೇಮ್. ಕಾಳಗ ನಡೆಯುವಾಗ ಬಾಸ್‌ನ ಹೆಲ್ತ್ ಬಾರ್ ತೋರಿಸುವುದೇ ಇಲ್ಲ. ಸತ್ತ ಮೇಲೆ ಒಂದು ಗೆರೆ ತೋರಿಸುತ್ತದೆ. ಆ ಗೆರೆಯ ಮೇಲೆ ನೀವು ಎಲ್ಲಿವರೆಗೆ ಓಡಿದಿರಿ ಅಂತ ಪುಟ್ಟ ಕಪ್‌ಹೆಡ್ ಓಡಿ ತೋರಿಸುತ್ತಾನೆ. ಬಾಸ್ ಒಂದು ಕೊಂಕು ಮಾತನ್ನೂ ಆಡುತ್ತಾನೆ. ಗೆರೆಯ ತುದಿಗೆ ಕೂದಲೆಳೆ ದೂರದಲ್ಲಿ ಸತ್ತಿದ್ದೀರಿ ಅಂತ ಕಂಡಾಗ ಕಂಟ್ರೋಲರ್ ಕೆಳಗಿಡಲು ಯಾರಿಗೆ ಮನಸ್ಸು ಬರುತ್ತದೆ? ಸೋತದ್ದನ್ನು ಅಳೆದು ಕೊಟ್ಟರೆ ಅರ್ಧ ಗೆದ್ದ ಹಾಗೆ ಕಾಣುತ್ತದೆ.

ಸೋಲುವುದನ್ನೇ ಮರೆತ ಬಾಸ್‌ಗಳೂ ಇದ್ದವು. 2008ರಲ್ಲಿ ಫೈನಲ್ ಫ್ಯಾಂಟಸಿ 11ರ ಆನ್‌ಲೈನ್ ಲೋಕದಲ್ಲಿ ಪ್ಯಾಂಡಮೋನಿಯಮ್ ವಾರ್ಡನ್ ಅನ್ನುವ ಬಾಸ್ ಎದುರು ಒಂದು ತಂಡ 18 ಗಂಟೆಗೂ ಹೆಚ್ಚು ಹೊತ್ತು ಕಾದಾಡಿತು. ಸದಸ್ಯರಿಗೆ ಮೈ ಹುಷಾರು ತಪ್ಪತೊಡಗಿದ ಮೇಲೆ ಕೈಚೆಲ್ಲಿದರು. ಆಮೇಲೆ ಕಂಪನಿ ಆ ಬಾಸ್‌ನ ಕಸುವು ತಗ್ಗಿಸಿತು, ಎರಡು ಗಂಟೆಗೆ ಅದು ತಾನೇ ಹೊರಟುಹೋಗುವ ಹಾಗೆ ಮಾಡಿತು. ಆ 18 ಗಂಟೆಯಲ್ಲಿ ಅವರಿಗೆ ಹೊಸದಾಗಿ ಗೊತ್ತಾದದ್ದು ಎಷ್ಟಿರಬಹುದು? ಉದ್ದ ಎಳೆದರೆ ಕಾಳಗ ದೊಡ್ಡದಾಗುತ್ತದೆ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. ಹೆಲ್ತ್ ಬಾರ್ ಎರಡರಷ್ಟು ಮಾಡಿ ‘ಹಾರ್ಡ್ ಮೋಡ್’ ಅಂತ ಹೆಸರಿಡುವ ಗೇಮ್‌ಗಳಿಗೆ ಈಗಲೂ ಬರವಿಲ್ಲ.

ಎರಡನೇ ಹಂತದ ವಿಷಯಕ್ಕೆ ಬರುತ್ತೇನೆ. ಹೆಲ್ತ್ ಬಾರ್ ಖಾಲಿಯಾಯಿತು ಅನ್ನುವಾಗ ಬಾಸ್ ಮತ್ತೆ ಎದ್ದು ನಿಲ್ಲುವುದು ಈಗ ಎಷ್ಟು ಸಾಮಾನ್ಯ ಅಂದರೆ ಒಂದೇ ಹಂತದಲ್ಲಿ ಸತ್ತರೆ ಅನುಮಾನ ಬರುತ್ತದೆ. ಈ ಅಭ್ಯಾಸವನ್ನೇ ಗೇಲಿ ಮಾಡಿದ ಬಾಸ್ ಅಂದರೆ ಸೆಕಿರೋದ (2019) ಗಾರ್ಡಿಯನ್ ಏಪ್. ಬಿಳಿ ಕೂದಲಿನ ರಾಕ್ಷಸ ಕೋತಿ. ಕತ್ತಿನಲ್ಲಿ ಯಾರೋ ಯಾವಾಗಲೋ ಚುಚ್ಚಿ ಬಿಟ್ಟುಹೋದ ದೊಡ್ಡ ಕತ್ತಿ. ಎಗರಾಡುತ್ತದೆ, ತನ್ನ ಮಲವನ್ನೇ ಎತ್ತಿ ಎಸೆಯುತ್ತದೆ, ಒಟ್ಟಿನಲ್ಲಿ ಕೊಳಕು ಜಗಳ. ಕೊನೆಗೆ ಆ ಕತ್ತಿಯನ್ನೇ ಹಿಡಿದು ಎಳೆದು ತಲೆ ಹಾರಿಸುತ್ತೀರಿ. ಬಾಸ್ ಸತ್ತಾಗ ಮಾತ್ರ ಬರುವ ದೊಡ್ಡಕ್ಷರದ ಘೋಷಣೆ ಪರದೆಯ ಮೇಲೆ ಬರುತ್ತದೆ. ಬೆರಳು ಸಡಿಲಾಗುತ್ತದೆ. ಆಗ ಮುಂಡ ಎದ್ದು ಕೂರುತ್ತದೆ. ಒಂದು ಕೈಯಲ್ಲಿ ತಲೆ, ಇನ್ನೊಂದು ಕೈಯಲ್ಲಿ ಕತ್ತಿ.

ಇಲ್ಲಿ ನನಗೆ ಮೆಚ್ಚುಗೆ ಆದದ್ದು ಬರೀ ಬೆಚ್ಚಿಬೀಳಿಸಿದ್ದಕ್ಕಲ್ಲ. ಎದ್ದ ಮೇಲೆ ಅದರ ಆಟವೇ ಬೇರೆ. ಮೊದಲು ಎಗರಾಡುತ್ತಿದ್ದ ಪ್ರಾಣಿ, ಈಗ ತೂರಾಡುತ್ತಾ ಕತ್ತಿ ಬೀಸುತ್ತದೆ. ಮೊದಲ ಹಂತದಲ್ಲಿ ಓಡಿ ತಪ್ಪಿಸಿಕೊಳ್ಳುವುದು ಸರಿ ದಾರಿ. ಈಗ ಹತ್ತಿರ ನಿಂತು ಕತ್ತಿಗೆ ಕತ್ತಿ ಕೊಡಬೇಕು. ಒಂದೇ ಮೈಯಲ್ಲಿ ಎರಡು ಬಾಸ್, ಎರಡು ಬೇರೆ ಬೇರೆ ಸೋಲು. ಮೊದಲಿನ ಏಟುಗಳಿಗೇ ಬೆಂಕಿ ಬಣ್ಣ ಬಳಿದು ವೇಗ ಹೆಚ್ಚಿಸಿದರೆ ಅದನ್ನು ಎರಡನೇ ಹಂತ ಅನ್ನಲು ನನಗೆ ಮನಸ್ಸಿಲ್ಲ.

ಸೋಲೋಕೆಂದೇ ಹುಟ್ಟಿದವರು ಅಂದೆ. ಹಾಗಿದ್ದರೆ ಅವರನ್ನು ಸೋಲಿಸುವ ನಾವು ಯಾರು? ಈ ಪ್ರಶ್ನೆಯನ್ನು 2005ರಲ್ಲಿ ಶ್ಯಾಡೋ ಆಫ್ ದ ಕೊಲೊಸಸ್ ಎತ್ತಿತು. 16 ದೈತ್ಯರು, ಅಷ್ಟೆ. ನಡುವೆ ಕೊಲ್ಲಲು ಬೇರೆ ಶತ್ರುಗಳಿಲ್ಲ, ಪಟ್ಟಣಗಳಿಲ್ಲ. ಬಯಲು, ಕುದುರೆ, ಮತ್ತೆ ಮುಂದಿನ ದೈತ್ಯ. ಅದರಲ್ಲಿ 13ನೆಯದು ಮರಳುಗಾಡಿನ ಆಕಾಶದಲ್ಲಿ ತೇಲುವ ಉದ್ದನೆಯ ಹಾವಿನಂಥ ಪ್ರಾಣಿ. ಅದು ನಿಮ್ಮ ಮೇಲೆ ಒಮ್ಮೆಯೂ ದಾಳಿ ಮಾಡುವುದಿಲ್ಲ. ಹೊಟ್ಟೆಯ ಕೆಳಗೆ ಗಾಳಿ ತುಂಬಿದ ಚೀಲಗಳಿವೆ. ಕುದುರೆ ಓಡಿಸುತ್ತಾ ಬಾಣ ಬಿಟ್ಟು ಅವನ್ನು ಒಡೆಯುತ್ತೀರಿ. ಅದು ಮೆಲ್ಲಗೆ ಕೆಳಗಿಳಿಯುತ್ತದೆ, ರೆಕ್ಕೆ ಮರಳಿಗೆ ತಾಗುತ್ತದೆ, ನೀವು ಕುದುರೆಯ ಬೆನ್ನಿಂದ ಅದರ ಮೇಲೆ ಹಾರುತ್ತೀರಿ. ಆಟವಾಗಿ ನೋಡಿದರೆ ಇಷ್ಟು ಮಜಾ ಕೊಟ್ಟ ಕಾಳಗ ಕಡಿಮೆ. ಅದೇ ತೊಂದರೆ. ಮಜಾ ಬರುತ್ತಿರುವಾಗಲೇ ಇದು ನನಗೇನು ಮಾಡಿತ್ತು ಅನ್ನುವ ಯೋಚನೆಯೂ ಬರುತ್ತದೆ.

ಡಾರ್ಕ್ ಸೋಲ್ಸ್‌ನ ಸಿಫ್ ಅನ್ನುವ ತೋಳದ ಬಗ್ಗೆಯೂ ಜನ ಹೀಗೇ ಮಾತಾಡುತ್ತಾರೆ. ಸತ್ತ ಒಡೆಯನ ಸಮಾಧಿ ಕಾಯುತ್ತಾ, ಬಾಯಲ್ಲಿ ದೊಡ್ಡ ಕತ್ತಿ ಕಚ್ಚಿಕೊಂಡು ಕಾದಾಡುತ್ತದೆ. ಹೆಲ್ತ್ ಬಾರ್ ಕೊನೆಗೆ ಬಂದಾಗ ಕುಂಟತೊಡಗುತ್ತದೆ. ಬೀಸಿದ ಕತ್ತಿಯ ಭಾರಕ್ಕೆ ತಾನೇ ಮುಗ್ಗರಿಸುತ್ತದೆ. ಆ ಹೊತ್ತಿಗೆ ಅದು ನಿಮಗೆ ಅಪಾಯವೇ ಅಲ್ಲ. ಎಲ್ಲ ಬಾಸ್‌ಗಳೂ ಸಾಯುವ ಹೊತ್ತಿಗೆ ರೊಚ್ಚಿಗೇಳುವಾಗ ಇದೊಂದು ಸೊರಗುತ್ತದೆ. ಮೆಟಲ್ ಗೇರ್ ಸಾಲಿಡ್ 3ರಲ್ಲಿ (2004) ಇನ್ನೂ ಕಠಿಣ. ಕೊನೆಯ ಕಾಳಗದಲ್ಲಿ ಗೆದ್ದ ಮೇಲೆ, ಗುರುವಾಗಿದ್ದವಳ ಮೇಲೆ ಗುಂಡು ಹಾರಿಸುವ ಬಟನ್ ಅನ್ನು ನೀವೇ ಒತ್ತಬೇಕು. ಕಥೆ ತಾನಾಗಿ ಮುಂದೆ ಓಡುವುದಿಲ್ಲ, ನಿಂತು ಕಾಯುತ್ತದೆ. ಅದೇ ಗೇಮ್‌ನಲ್ಲಿ ಒಬ್ಬ ಮುದಿ ಸ್ನೈಪರ್ ಇದ್ದಾನೆ. ಅವನ ಕಾಳಗದ ಮಧ್ಯೆ ಸೇವ್ ಮಾಡಿ ಒಂದು ವಾರ ಬಿಟ್ಟು ಬಂದರೆ, ಅಥವಾ ಕನ್ಸೋಲ್‌ನ ಗಡಿಯಾರವನ್ನು ಮುಂದೆ ತಿರುಗಿಸಿದರೆ, ಅವನು ಮುಪ್ಪಿನಿಂದ ಸತ್ತಿರುತ್ತಾನೆ. ಒಂದೇ ಗೇಮ್‌ನಲ್ಲಿ ಇವೆರಡನ್ನೂ ಇಡುವ ತಲೆ ಎಂಥದ್ದು ಅಂತ ನಗು ಬರುತ್ತದೆ.

ಕೊನೆಯದಾಗಿ ಅಂಡರ್‌ಟೇಲ್‌ನ (2015) ಸ್ಯಾನ್ಸ್. ಎದುರಿಗೆ ಬಂದವರನ್ನೆಲ್ಲ ಕೊಂದುಹಾಕುತ್ತಾ ಬಂದರೆ ಮಾತ್ರ ಈ ಕಾಳಗ ಸಿಗುತ್ತದೆ. ಲೆಕ್ಕದಲ್ಲಿ ನೋಡಿದರೆ ಆ ಗೇಮ್‌ನ ಅತಿ ದುರ್ಬಲ ಎದುರಾಳಿ. ಅವನ ಹೆಲ್ತ್ ಒಂದೇ ಒಂದು ಪಾಯಿಂಟ್, ಒಂದು ಏಟು ತಾಗಿದರೆ ಮುಗಿಯಿತು. ಆದರೆ ನೀವು ಹೊಡೆದಾಗ ಅವನು ಪಕ್ಕಕ್ಕೆ ಸರಿಯುತ್ತಾನೆ. ಅಷ್ಟೇ. ಇಷ್ಟು ವರ್ಷ ಸರದಿ ಪ್ರಕಾರ ನಡೆಯುವ ಆಟಗಳಲ್ಲಿ ಬಾಸ್‌ಗಳು ಎದುರಿಗೆ ನಿಂತು ಏಟು ತಿನ್ನುತ್ತಿದ್ದರಲ್ಲ, ಯಾಕೆ ನಿಲ್ಲುತ್ತಿದ್ದರು ಅಂತ ನಾವು ಯಾರೂ ಕೇಳಿರಲಿಲ್ಲ. ಇವನು ನಿಲ್ಲುವುದಿಲ್ಲ. ನಿಮ್ಮ ಸರದಿ ಬರುವ ಮೊದಲೇ ಹೊಡೆಯುತ್ತಾನೆ. ನೀವು ಮೆನುವಿನಲ್ಲಿ ಆಯ್ಕೆ ಮಾಡುತ್ತಿರುವಾಗ ಆ ಮೆನುವಿನ ಮೇಲೂ ದಾಳಿ ಮಾಡುತ್ತಾನೆ.

ಕೊನೆಗೆ ತನ್ನ ವಿಶೇಷ ದಾಳಿ ಅಂತ ಒಂದನ್ನು ತೆಗೆಯುತ್ತಾನೆ. ಅದು ಏನೂ ಮಾಡದೇ ಇರುವುದು. ತನ್ನ ಸರದಿಯನ್ನು ಮುಗಿಸುವುದೇ ಇಲ್ಲ. ಮುಗಿಸಿದರೆ ಸೋಲುತ್ತೇನೆ ಅಂತ ಅವನಿಗೆ ಗೊತ್ತು. ಹಾಗಾಗಿ ನೀವೇ ಬೇಸತ್ತು ಆಟ ಬಿಟ್ಟು ಹೋಗುವವರೆಗೆ ನಿಂತೇ ಇರುತ್ತೇನೆ ಅನ್ನುತ್ತಾನೆ. ಆಟ ಪೂರ್ತಿ ನಿಂತುಬಿಡುತ್ತದೆ. ಕೆಟ್ಟು ನಿಂತಿತೇನೋ ಅಂತ ಸಂಶಯ ಬರುವಷ್ಟು ಹೊತ್ತು. ಆಮೇಲೆ ಅವನಿಗೆ ತೂಕಡಿಕೆ. ಆಗ ನಿಮ್ಮ ಸುತ್ತ ಇರುವ ಚೌಕವನ್ನೇ ಮೆಲ್ಲಗೆ ತಳ್ಳಿಕೊಂಡು ಹೋಗಿ ಹೊಡೆಯುವ ಬಟನ್ ಮುಟ್ಟಬೇಕು. ಅಂದರೆ ನಿಮ್ಮ ಸರದಿ ಅಲ್ಲದಿದ್ದಾಗ ಹೊಡೆಯಬೇಕು. ಮೊದಲ ಏಟನ್ನು ಆಗಲೂ ತಪ್ಪಿಸುತ್ತಾನೆ. ಅವನು ಮಾತಾಡಿ ಮುಗಿಸುವ ಮೊದಲೇ ಬೀಳುವ ಎರಡನೆಯದು ಮಾತ್ರ ತಾಗುತ್ತದೆ.